ಬಗ್ಗಿದ ಪ್ಯಾರಾ

ನಮ್ಮ ವಿಭಾಗದಲ್ಲಿ ಯಾರು ಏನೇ ಪ್ರಬಂಧ ಬರೆಯಲಿ, ಕೊನೆಯ ಪ್ಯಾರಾ ಮಾತ್ರ ಒಂದೇ ಇರುತ್ತಿತ್ತು. ಅಣುಸ್ಥಾವರ ಬೇಕೋ ಬೇಡವೋ ಎಂದು ಬರೆದವನದ್ದೂ ಅದೇ, ಕೋಳಿ ಲಸಿಕೆಯ ಪರವಾನಗಿ ಬಗ್ಗೆ ಬರೆದವಳದ್ದೂ ಅದೇ. “ಈ ಅಧ್ಯಯನಕ್ಕೆ ತನ್ನದೇ ಆದ ಮಿತಿಗಳಿವೆ. ಯಾವುದೇ ತೀರ್ಮಾನ ಕೈಗೊಳ್ಳುವ ಮೊದಲು ಇನ್ನಷ್ಟು ಆಳವಾದ ಅಧ್ಯಯನ ನಡೆಯುವುದು ಒಳಿತು.” ನಾನೂ ಬರೆದಿದ್ದೇನೆ. ನನ್ನದು ಹಳೆಯ ಬ್ಯಾಟರಿಗಳ ಕಸದ ಮೇಲೆ. ಅದನ್ನು ಇವತ್ತಿನವರೆಗೆ ಯಾರೂ ಓದಿಲ್ಲ, ಹಾಗಾಗಿ ಯಾರಿಗೂ ತೊಂದರೆಯಾಗಿಲ್ಲ.

ಈ ಪದ್ಧತಿ ತಂದವರು ನಮ್ಮ ಮೇಷ್ಟ್ರು ಪಾಕ್ ಮರ್ಸೂದಿ. ಪಾಕ್ ಅಂದರೆ ನಮ್ಮಲ್ಲಿ ಹಿರಿಯ ಗಂಡಸರನ್ನು ಗೌರವದಿಂದ ಕರೆಯುವುದು. ಜೋಗ್ಜಾ ನಗರದ ನಮ್ಮ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ-ತಂತ್ರಜ್ಞಾನ ನೀತಿಯನ್ನು ಒಂದು ಓದು ಅಂತ ಕಟ್ಟಿ ಬೆಳೆಸಿದ ಹಿರಿಯರಲ್ಲಿ ಒಬ್ಬರು. ಬಾಟಿಕ್ ಅಂಗಿ, ಮೆಲುದನಿ, ಯಾರ ಮನಸ್ಸನ್ನೂ ನೋಯಿಸದ ಸ್ವಭಾವ. ಅವರ ಈ ಒಳ್ಳೆಯತನದ ಮೇಲೆ ನನಗೆ ಈಗಲೂ ಸಿಟ್ಟಿದೆ, ಆದರೆ ಅವರ ಮುಂದೆ ನಿಂತರೆ ಆ ಸಿಟ್ಟು ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲ.

“ಹಿರಿಯರು ಕೂತಿರೋ ಕಡೆ ಹಾದು ಹೋಗ್ಬೇಕಾದ್ರೆ ಏನ್ಮಾಡ್ತೀರಿ?” ಎಂದು ಪ್ರತಿ ವರ್ಷ ಹೊಸಬರನ್ನು ಕೇಳುತ್ತಿದ್ದರು. “ಬೆನ್ನು ಬಗ್ಗಿಸಿ, ಒಂದು ಕೈ ಕೆಳಗೆ ಬಿಟ್ಟು, ನುವುನ್ ಸೆವು ಅಂತ ಹೇಳ್ಕೊಂಡು ಹೋಗ್ತೀರಲ್ಲ? ಪ್ರಬಂಧಾನೂ ಹಂಗೇ ಹೋಗ್ಬೇಕು. ಎದೆ ಸೆಟೆಸಿಕೊಂಡು ಹೋದ್ರೆ ನೋಡೋಕೆ ಚೆನ್ನಾಗಿರಲ್ಲ.”

ನುವುನ್ ಸೆವು ಅಂದರೆ ಕ್ಷಮಿಸಿ, ಅಪ್ಪಣೆ ಕೊಡಿ ಅಂತ. ನಾವು ಆ ಕೊನೆಯ ಪ್ಯಾರಾಕ್ಕೆ ಬಗ್ಗಿದ ಪ್ಯಾರಾ ಅಂತಲೇ ಹೆಸರಿಟ್ಟಿದ್ದೆವು. ಪ್ರಬಂಧ ಮುಗಿಯಿತಾ ಎಂದು ಯಾರಾದರೂ ಕೇಳಿದರೆ, ಮುಗಿಯಿತು, ಇನ್ನು ಬಗ್ಗುವುದೊಂದು ಬಾಕಿ ಅನ್ನುತ್ತಿದ್ದೆವು.

ವೆನಿಂಗ್ ನನ್ನ ಜೊತೆ ಒಂದೇ ಬಾಡಿಗೆ ಕೋಣೆಯಲ್ಲಿದ್ದಳು. ಉತ್ತರದ ಕಡಲ ದಂಡೆಯ ಕರಂಗ್‌ಬೆಡಾ ಎಂಬ ಊರಿನವಳು. ಆ ಊರು ಕುಸಿಯುತ್ತಿತ್ತು. ಸುತ್ತಲಿನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳು ನೆಲದಡಿಯ ನೀರನ್ನೆಲ್ಲ ಎಳೆದು ಎಳೆದು ಮಣ್ಣು ಇಳಿಯುತ್ತಿತ್ತು, ಅದರ ಮೇಲೆ ಕಡಲ ಉಬ್ಬರದ ನೀರು ನುಗ್ಗುತ್ತಿತ್ತು. ಒಂದು ಕಾಲಕ್ಕೆ ಮಲ್ಲಿಗೆ ಬೆಳೆಯುತ್ತಿದ್ದ ಅವಳ ಅಪ್ಪ ಸರ್ಪಿನ್, ಆಮೇಲೆ ಅದೇ ಹೊಲದಲ್ಲಿ ಬಂಡೆಂಗ್ ಮೀನು ಸಾಕಿದರು. ಆಮೇಲೆ ಹೊಲ ಕಡಲಿಗೆ ಸೇರಿತು, ಮೀನುಗಳು ತಮ್ಮ ದಾರಿ ಹಿಡಿದವು. ಈಗ ಒಂದು ದೋಣಿಯಲ್ಲಿ ಕಡಲಿಗೆ ಹೋಗಿ ಹಿಡಿದು ತರುವ ಮೀನಿನಿಂದಲೇ ಮನೆ ನಡೆಯುತ್ತಿತ್ತು. ನೀರು ಒಳಗೆ ಬಂದಾಗಲೆಲ್ಲ ಮನೆಯವರು ಮಣ್ಣು, ಕಲ್ಲು ತುಂಬಿ ನೆಲವನ್ನು ಎತ್ತರಿಸುತ್ತಾರೆ. ಸೂರು ಎಲ್ಲಿತ್ತೋ ಅಲ್ಲೇ ಇರುತ್ತದೆ. ಹೀಗೆ ಎತ್ತರಿಸಿ ಎತ್ತರಿಸಿ ಅವರ ಮನೆಯ ಬಾಗಿಲು ನನ್ನ ಎದೆಮಟ್ಟಕ್ಕೆ ಬಂದಿತ್ತು. ಮೊದಲ ಸಲ ಹೋದಾಗ ನನ್ನ ಹಣೆ ಬಡಿಯಿತು.

“ನಮ್ಮನೇಲಿ ಎಲ್ಲರೂ ಸಭ್ಯರು,” ಅಂದಳು ವೆನಿಂಗ್. “ಕಿಟಕಿಗೂ ಬಗ್ಗಿ ನಮಸ್ಕಾರ ಮಾಡ್ತೀವಿ.”

ಆ ಮನೆಯ ಮುಂಗೋಣೆಯ ನಡುವೆ ಒಂದು ತೇಗದ ಕಂಬವಿತ್ತು. ಅವಳ ಅಜ್ಜ ಹಳೇ ಬಂದರಿನ ಕಟ್ಟೆ ಕಿತ್ತಾಗ ತಂದು, ಹತ್ತಾರು ಜನರನ್ನು ಸೇರಿಸಿ, ಗಟ್ಟಿ ನೆಲ ಸಿಗುವವರೆಗೆ ಹೂತಿದ್ದರಂತೆ. ಇಡೀ ಊರು ಇಳಿಯುತ್ತಿದ್ದರೂ ಆ ಕಂಬ ಒಂದೇ ಇಳಿಯದೆ ನಿಂತಿತ್ತು. ವೆನಿಂಗ್ ಅದರಲ್ಲಿ ಒಂದು ಹಿತ್ತಾಳೆ ಮೊಳೆ ಹೊಡೆದಳು. ಅವಳ ಅಳತೆಯೆಲ್ಲ ಆ ಮೊಳೆಯಿಂದ ಶುರು. ಮೊಳೆಯಿಂದ ಉಬ್ಬರ ಎಷ್ಟು ಕೆಳಗಿದೆ, ಮೊಳೆಯಿಂದ ಅಂಗಳ ಎಷ್ಟು ಇಳಿದಿದೆ, ಎಲ್ಲ. ಓದಿನ ಎರಡು ವರ್ಷವೂ ತಿಂಗಳು ತಿಂಗಳು ಬಸ್ಸು ಹತ್ತಿ ಹೋಗಿ ಅಳೆದಳು. ಒಮ್ಮೆ ಅವಳ ಅಮ್ಮ ಆ ಮೊಳೆಗೆ ತರಕಾರಿ ಚೀಲ ನೇತುಹಾಕಿದ್ದನ್ನು ನೋಡಿ ಇವಳು ಅತ್ತೇ ಬಿಟ್ಟಿದ್ದಳು.

“ಮಾಕ್, ಈ ಮೊಳೆ ಹೋದ್ರೆ ನನ್ನ ಓದೇ ಹೋಯ್ತು. ಯಾರೂ ಮುಟ್ಟಬೇಡಿ.”

ಸರ್ಪಿನ್ ಅಲ್ಲೇ ಬೀಡಿ ಹಚ್ಚುತ್ತಾ ಕೂತಿದ್ದರು. “ಮೊಳೆ ಜವಾಬ್ದಾರಿ ನಂದು ನೊಕ್,” ಅಂದರು. ನೊಕ್ ಅಂದರೆ ಆ ಕಡೆ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವುದು. “ಕಡಲು ಬಂದು ಕೇಳಿದ್ರೂ ಕೊಡಲ್ಲ.”

ಪ್ರಬಂಧದ ಸಾರ ಇಷ್ಟೇ. ಊರಿನ ಹಳ್ಳ ಕಡಲು ಸೇರುವ ಬಾಯಲ್ಲಿ ಒಂದು ತೂಬಿನ ಬಾಗಿಲು, ಅದರ ಪಕ್ಕ ಒಂದು ದೊಡ್ಡ ಪಂಪು ಕೂರಿಸಿದರೆ ಕರಂಗ್‌ಬೆಡಾ ಇನ್ನೊಂದು ತಲೆಮಾರು ಉಳಿಯುತ್ತದೆ. ಕೂರಿಸದಿದ್ದರೆ ಇಲ್ಲ. ಜಿಲ್ಲೆಯ ಬಳಿ ಆ ವರ್ಷ ಅಂಥ ಒಂದೇ ಒಂದು ತೂಬಿಗೆ ಹಣವಿತ್ತು. ಎಲ್ಲಿ ಹಾಕಬೇಕೆಂದು ತೀರ್ಮಾನವಾಗಿರಲಿಲ್ಲ. “ತಡಮಾಡದೆ ಇಲ್ಲೇ ಹಾಕಬೇಕು” ಎಂದು ಬರೆದು ವೆನಿಂಗ್ ಪ್ರಬಂಧ ಮುಗಿಸಿದ್ದಳು. ಬಗ್ಗಿರಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರಿಗೆ ತಿಂಡಿ ಕೊಡುವುದು ವಿದ್ಯಾರ್ಥಿಯ ಪಾಲು. ಅವಳ ಅಮ್ಮ ಹುರಿದ ಬಂಡೆಂಗ್ ಮೀನು, ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿ ಉಂಡೆ ಕಳಿಸಿದ್ದರು. ಪರೀಕ್ಷಕರು ಮೀನಿನ ಮುಳ್ಳು ಬಿಡಿಸುತ್ತಲೇ ಪ್ರಶ್ನೆ ಕೇಳಿದರು. ವೆನಿಂಗ್ ಒಂದಕ್ಕೂ ತಡವರಿಸಲಿಲ್ಲ. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ನನಗೆ ನನ್ನದೇ ಪರೀಕ್ಷೆ ಅನ್ನುವಷ್ಟು ಹೆಮ್ಮೆಯಾಯಿತು.

“ತುಂಬಾ ಚೆನ್ನಾಗಿದೆ,” ಅಂದರು ಪಾಕ್ ಮರ್ಸೂದಿ. “ಕೊನೇ ಪುಟ ಒಂದು ಸ್ವಲ್ಪ ಬಿರುಸಾಯ್ತೇನೋ. ಆ ಒಂದು ಪ್ಯಾರಾ ಸೇರಿಸಿಬಿಡಮ್ಮ.”

“ಪಾಕ್, ನನಗೆ ಇದರಲ್ಲಿ ಅನುಮಾನ ಇಲ್ಲ,” ಅಂದಳು ಅವಳು.

“ನನಗೂ ಇಲ್ಲ. ಅನುಮಾನಕ್ಕಲ್ಲ ಅದು, ಮರ್ಯಾದೆಗೆ.”

ಆ ಸಂಜೆ ನಾನು ಒಲೆಯ ಮುಂದೆ ಸೋಯಾಕಾಳಿನ ತೆಂಪೆ ಬಿಲ್ಲೆ ಕರಿಯುತ್ತಿದ್ದೆ. ಅವಳು ಹಾಸಿಗೆಯ ಮೇಲೆ ಕೂತು ಆ ಪ್ಯಾರಾ ಟೈಪು ಮಾಡಿ, “ತಗೊ, ಬಗ್ಗಿದೆ,” ಎಂದು ನಕ್ಕಳು. ಇಬ್ಬರೂ ನಕ್ಕೆವು. ಮರುದಿನ ಹಸಿರು ರಟ್ಟು ಹಾಕಿಸಿ ಹೊನ್ನಕ್ಷರದಲ್ಲಿ ಹೆಸರು ಬರೆಸಿದಳು. ಒಂದು ಪ್ರತಿ ಗ್ರಂಥಾಲಯಕ್ಕೆ, ಒಂದು ಅಪ್ಪನಿಗೆ.

ಅಪ್ಪನಿಗೆ ಕೊಟ್ಟ ಪ್ರತಿ ಅಪ್ಪನ ಬಳಿ ನಿಲ್ಲಲಿಲ್ಲ. ಊರೆಲ್ಲ ತಿರುಗಿತು. ಓದಲು ಬಾರದವರೂ ಹೊನ್ನಕ್ಷರದ ಮೇಲೆ ಕೈಯಾಡಿಸಿದರು. ಊರ ಮುಖ್ಯಸ್ಥನಿಗೆ ಅದನ್ನು ಕಂಡು ಆನೆಬಲ ಬಂತು. ಎಷ್ಟೋ ವರ್ಷದಿಂದ ಬರೀ ಅರ್ಜಿ ಹಿಡಿದು ಹೋಗುತ್ತಿದ್ದವನ ಕೈಗೆ ಈಗ ದೊಡ್ಡ ವಿಶ್ವವಿದ್ಯಾಲಯದ ಮುದ್ರೆಯಿದ್ದ ಪುಸ್ತಕ ಸಿಕ್ಕಿತ್ತು. ಜಿಲ್ಲೆಯ ವಾರ್ಷಿಕ ಯೋಜನಾ ಸಭೆಗೆ ಅರ್ಜಿಯ ಜೊತೆ ಅದನ್ನೇ ಲಗತ್ತಿಸಿದ. ವೆನಿಂಗಳಿಗೂ ಅದು ಸರಿಯೆನಿಸಿತ್ತು. ನನಗೂ ಅನಿಸಿತ್ತು. ಆ ಪ್ಯಾರಾ ಇಬ್ಬರ ತಲೆಯಲ್ಲೂ ಇರಲಿಲ್ಲ. ದಿನಾ ಹೇಳುವ ನುವುನ್ ಸೆವು ಯಾರಿಗೆ ನೆನಪಿರುತ್ತದೆ?

ಸಭೆಗೆ ನಾವಿಬ್ಬರೂ ಹೋಗಿದ್ದೆವು. ಸರ್ಪಿನ್ ಇಸ್ತ್ರಿ ಮಾಡಿದ ಅಂಗಿ, ಕರಿ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ವೇದಿಕೆಯಲ್ಲಿದ್ದ ಅಧಿಕಾರಿಯನ್ನು ಎಲ್ಲರೂ ಬು ಪಲೂಪಿ ಅನ್ನುತ್ತಿದ್ದರು, ಪಲೂಪಿ ಮೇಡಂ ಅಂದ ಹಾಗೆ. ಮೂವತ್ತೈದರ ಆಸುಪಾಸು, ಕಣ್ಣಲ್ಲಿ ದಣಿವು. ಮುಖ್ಯಸ್ಥ ಹಸಿರು ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟ. ಆಕೆ ತೆಗೆದುಕೊಂಡು ಹಿಂದಿನಿಂದ ತೆರೆದರು. ಆಗಲೇ ನನಗೆ ಆ ಪ್ಯಾರಾ ನೆನಪಾಯಿತು. ಹಾಗೆ ತೆರೆಯುವುದನ್ನು ನಮಗೆ ನಮ್ಮ ವಿಭಾಗದಲ್ಲೇ ಕಲಿಸಿದ್ದರು. ನೀತಿ ಮಾಡುವವರಿಗೆ ಪುರುಸೊತ್ತು ಇರುವುದಿಲ್ಲ, ಕೊನೆಯ ಪುಟ ಮೊದಲು ಓದುತ್ತಾರೆ ಎಂದು.

ಬು ಪಲೂಪಿ ಓದಿದರು. ಆ ಪುಟದ ಮೇಲೆ ಬೆರಳಿಟ್ಟರು. ಆಮೇಲೆ ಬಹಳ ಗೌರವದಿಂದ ಹೇಳಿದರು:

“ನಿಮ್ಮೂರ ಮಗಳು ಬಹಳ ಒಳ್ಳೆ ಕೆಲಸ ಮಾಡಿದಾರೆ. ಅವರೇ ಇಲ್ಲಿ ಬರೆದಿದಾರೆ, ತೀರ್ಮಾನಕ್ಕೆ ಮೊದಲು ಇನ್ನಷ್ಟು ಅಧ್ಯಯನ ಆಗ್ಬೇಕು ಅಂತ. ವಿಜ್ಞಾನ ಹೇಳಿದ ಮೇಲೆ ನಾವು ಕೇಳಲೇಬೇಕು. ಕರಂಗ್‌ಬೆಡಾಕ್ಕೆ ಈ ವರ್ಷ ಅಧ್ಯಯನ. ತೂಬಿನ ಹಣ ಸದ್ಯಕ್ಕೆ ಹಾಗೇ ಇರಲಿ.”

ಜನ ಚಪ್ಪಾಳೆ ಹೊಡೆದರು. ಅಧ್ಯಯನ ಎಂದರೆ ಕೆಲಸ ಶುರುವಾದಂತೆಯೇ ಎಂದು ತಿಳಿದರು. ಸರ್ಪಿನ್ ಹಿಂದೆ ತಿರುಗಿ ಮಗಳನ್ನು ನೋಡಿ ತಲೆಯಾಡಿಸಿದರು. ವೆನಿಂಗ್ ಚಪ್ಪಾಳೆ ಹೊಡೆಯಲೂ ಇಲ್ಲ, ಎದ್ದು ಮಾತಾಡಲೂ ಇಲ್ಲ. ಅಷ್ಟು ಹಿರಿಯರ ನಡುವೆ ಎದ್ದು, ನಾನು ಬರೆದದ್ದು ಸುಳ್ಳು ಅನ್ನುವುದು ಹೇಗೆ? ಯಾವುದು ಸುಳ್ಳು ಅನ್ನುವುದು? ಪುಸ್ತಕವೋ, ಪ್ಯಾರಾವೋ?

ಸಭೆ ಮುಗಿದ ಮೇಲೆ ಆಕೆಯ ಕಚೇರಿಗೆ ಹೋದೆವು. ಗೋಡೆಯ ಮೇಲಿನ ಪದವಿ ಪತ್ರದಲ್ಲಿ ನಮ್ಮ ವಿಭಾಗದ ಹೆಸರೇ ಇತ್ತು. ನಮಗಿಂತ ಹತ್ತು ವರ್ಷ ಮೊದಲಿನವರು.

“ಮ್ಬಾಕ್ ಪಲೂಪಿ,” ಅಂದೆ ನಾನು. ಬು ಅನ್ನುವುದು ಬಿಟ್ಟು ಅಕ್ಕ ಅಂತಲೇ ಕರೆದೆ. “ಆ ಪ್ಯಾರಾ ಎಲ್ಲಿಂದ ಬರುತ್ತೆ ಅಂತ ನಿಮಗೆ ಗೊತ್ತಿಲ್ವಾ? ನೀವೂ ಬಗ್ಗಿದೋರೇ ತಾನೇ?”

“ನಾನು ಬಗ್ಗಿದ್ದು ಒಂದು ಪ್ಯಾರಾ ಅಲ್ಲಮ್ಮ, ಒಂದೂವರೆ ಪುಟ,” ಅಂದರು ಆಕೆ. ನಗಲಿಲ್ಲ. “ಓದ್ತಾ ಇದ್ದಂಗೇ ಗೊತ್ತಾಯ್ತು.”

“ಮತ್ತೆ?”

“ಮತ್ತೇನು? ಅರ್ಜಿ ಜೊತೆ ಬಂದಿದೆ, ಮೊಹರು ಬಿದ್ದಿದೆ. ಅಧ್ಯಯನ ಮಾಡಿ ಅಂತ ತಜ್ಞರೇ ಬರೆದಿದ್ರೂ ನಾನು ತೂಬು ಹಾಕಿಸಿದೆ ಅಂದ್ರೆ, ನಾಳೆ ಲೆಕ್ಕ ತಪಾಸಣೆಯೋರು ಬಂದು ಅದೇ ಪುಟ ತೆಗೀತಾರೆ. ಇದೇ ಕುರ್ಚೀಲಿ ನನಗಿಂತ ಮುಂಚೆ ಕೂತಿದ್ದೋರು ಈಗ ಜೈಲಲ್ಲಿದಾರೆ. ಅವರೂ ಕಳ್ಳರಲ್ಲ.”

ವೆನಿಂಗ್ ಮೊದಲ ಸಲ ಬಾಯಿಬಿಟ್ಟಳು. “ನಾನು ಆ ಪುಟ ವಾಪಸ್ ತಗೊಂಡ್ರೆ?”

“ಗ್ರಂಥಾಲಯದಲ್ಲಿರೋದನ್ನ ಹೇಗೆ ತಗೋತೀಯ? ನಿಮ್ಮ ಮೇಷ್ಟ್ರ ಹತ್ರ ಒಂದು ಕಾಗದ ತಗೊಂಡು ಬಾ. ಈ ಅಧ್ಯಯನ ಸಾಕು, ಇನ್ನೊಂದು ಬೇಡ ಅಂತ. ಅವರು ಅಷ್ಟು ಬರೆದುಕೊಟ್ರೆ ನಾನು ಉಳಿದದ್ದು ನೋಡ್ಕೋತೀನಿ.”

ಪಾಕ್ ಮರ್ಸೂದಿ ಕೇಳಿದ ತಕ್ಷಣ ಬರೆದುಕೊಟ್ಟರು. ವಿಷಯ ತಿಳಿದು ಅವರ ಕಣ್ಣು ಒದ್ದೆಯಾಗಿತ್ತು. ನಮಗೆ ಚಹಾ ತರಿಸಿ, ಬಾಗಿಲು ಹಾಕಿಕೊಂಡು ಕೂತು ಬರೆದರು. ನಾವು ಮೆಟ್ಟಿಲ ಮೇಲೆ ನಿಂತು ಓದಿದೆವು. ವೆನಿಂಗಳ ಅಳತೆ ನಿಖರ, ತೂಬಿನ ಜಾಗ ಸರಿಯಾದದ್ದು, ಇದಕ್ಕೆ ನಾನೇ ಹೊಣೆ, ಎಲ್ಲ ಇತ್ತು. ಕೊನೆಯಲ್ಲಿ, “ಆದರೂ ಸಾಧ್ಯವಾದಲ್ಲಿ ಇನ್ನಷ್ಟು ಆಳವಾದ ಅಧ್ಯಯನ ನಡೆದರೆ ಒಳಿತೆಂದು ನನ್ನ ವಿನಮ್ರ ಅಭಿಪ್ರಾಯ.”

ಒಳಗೆ ಓಡಿಹೋಗಿ ತೋರಿಸಿದೆವು. ಅವರು ಕನ್ನಡಕ ಏರಿಸಿ ಓದಿ, ತಮ್ಮ ಕೈಬರಹವನ್ನೇ ಬೇರೆ ಯಾರದೋ ಅನ್ನುವ ಹಾಗೆ ನೋಡಿದರು. ಮತ್ತೊಂದು ಹಾಳೆ ತೆಗೆದರು. ಎರಡು ಸಲ ಬರೆದು ಎರಡು ಸಲ ಹರಿದರು. ಮೂರನೆಯದರಲ್ಲಿ “ಒಳಿತು” ಅನ್ನುವಲ್ಲಿ “ಅಗತ್ಯವಿಲ್ಲದಿರಬಹುದೇನೋ” ಎಂದಿತ್ತು.

“ನನ್ನ ಕೈಲಿ ಆಗ್ತಿಲ್ಲಮ್ಮ,” ಅಂದರು. “ಇಷ್ಟೊಂದು ವರ್ಷ ಆಯ್ತು. ಬೇಡ ಅಂತ ಬರೆಯೋಕೆ ಕೈ ಬರ್ತಿಲ್ಲ.”

ಆ ಮುದುಕರ ಮುಂದೆ ನಾನು ಕಿರುಚಬೇಕಿತ್ತು. ಹಿರಿಯರಿಗೆ ಮಾಡುವಂತೆ ಅವರ ಕೈ ಹಿಡಿದು ಹಣೆಗೊತ್ತಿಕೊಂಡು ಬಂದೆ.

ಆ ಮೂರನೆಯ ಕಾಗದವನ್ನು ಬು ಪಲೂಪಿ ಓದಿ, ಮಡಚಿ ನಮಗೇ ವಾಪಸ್ ಕೊಟ್ಟರು. ಆಮೇಲೆ ಒಂದು ದಾರಿ ಹೇಳಿದರು. ಅಧ್ಯಯನ ಹೇಗೂ ಮಂಜೂರಾಗಿದೆ. ಅದನ್ನು ವೆನಿಂಗಳೇ ಮಾಡಲಿ. ಹಳೆಯ ಎರಡು ವರ್ಷದ ಲೆಕ್ಕದ ಮುಂದಕ್ಕೆ ಒಂದೇ ಒಂದು ಮಳೆಗಾಲದ ಲೆಕ್ಕ ಸೇರಿಸಿ ತಂದರೆ ಮೂರು ವರ್ಷವಾಗುತ್ತದೆ. ಅಧ್ಯಯನ ಅಂದ ಮೇಲೆ ನಿಯಮ ಕೇಳುವುದು ಮೂರು ವರ್ಷದ ಲೆಕ್ಕವನ್ನೇ. ಹಣ ಮುಂದಿನ ವರ್ಷದವರೆಗೆ ಕಾಯುತ್ತದೆ, ಅದಕ್ಕಿಂತ ಆಚೆಗೆ ಬೇರೆ ಊರಿಗೆ ಹೋಗುತ್ತದೆ.

“ಹೊಸ ಲೆಕ್ಕ ಹಳೇದಕ್ಕೆ ಹೊಂದ್ಬೇಕು, ಅಷ್ಟೇ,” ಅಂದರು. “ಒಂದೇ ಗುರುತಿಂದ ಅಳೆದಿದ್ದು ಅಂತ ತೋರಿಸ್ಬೇಕು. ಇಲ್ದಿದ್ರೆ ಮತ್ತೆ ಮೊದಲಿಂದ ಮೂರು ವರ್ಷ.”

“ಗುರುತು ಇದೆ,” ಅಂದಳು ವೆನಿಂಗ್. ಸಭೆಯಾದ ಮೇಲೆ ಮೊದಲ ಸಲ ಅವಳ ಮುಖಕ್ಕೆ ರಕ್ತ ಬಂತು. “ಮೊಳೆ ಇದೆ ಮ್ಬಾಕ್. ನಮ್ಮನೇಲೇ ಇದೆ.”

ಬಸ್ಸಿನಲ್ಲಿ ಅವಳು ಲೆಕ್ಕ ಹಾಕುತ್ತಲೇ ಇದ್ದಳು. ಊರು ಇನ್ನೊಂದು ಮಳೆಗಾಲ ತಡೆಯುತ್ತದೆ, ಮೂರು ತಡೆಯುವುದಿಲ್ಲ. ಒಂದು ಸಾಕಲ್ಲ, ಒಂದು ಸಾಕು. ಅಪ್ಪನಿಗೆ ಫೋನು ಮಾಡಿ, ಜಿಲ್ಲೆಯವರು ನನಗೇ ಕೆಲಸ ಕೊಟ್ಟಿದ್ದಾರೆ, ಮಳೆಗಾಲ ಪೂರ್ತಿ ಮನೆಯಲ್ಲೇ ಇರುತ್ತೇನೆ, ಗಲುಹ್ ಕೂಡ ಸಹಾಯಕ್ಕೆ ಬರುತ್ತಾಳೆ ಎಂದಳು. ಗಲುಹ್ ಎಂದರೆ ನಾನು. ಆ ಕಡೆಯಿಂದ ಸರ್ಪಿನರ ದನಿ ನನಗೂ ಕೇಳಿಸಿತು. “ಜಿಲ್ಲೆ ಕೆಲಸವಾ? ಆಫೀಸರ್ ತರಾನಾ?” ಅಂತ ಎರಡೆರಡು ಸಲ ಕೇಳಿದರು.

ಆದೇಶ ಕೈಗೆ ಬರುವಷ್ಟರಲ್ಲಿ ಎರಡು ತಿಂಗಳಾಯಿತು. ದೊಡ್ಡ ಉಬ್ಬರಗಳು ಶುರುವಾಗುವ ಮುನ್ನ, ಅಳತೆಗೋಲು, ಮಟ್ಟ ನೋಡುವ ಯಂತ್ರ ಎಲ್ಲ ಹೊತ್ತುಕೊಂಡು ಕರಂಗ್‌ಬೆಡಾಕ್ಕೆ ಹೋದೆವು. ದಾರಿಯಲ್ಲಿ ನೀರು ಪಾದ ಮುಚ್ಚುವಷ್ಟಿತ್ತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದೆವು.

ಮನೆ ದೂರದಿಂದಲೇ ಬೇರೆ ಕಾಣಿಸಿತು. ಸೂರು ಮೇಲಕ್ಕೆ ಹೋಗಿತ್ತು. ನಾಲ್ಕು ಮೂಲೆಗೆ ಹೊಸ ಕಾಂಕ್ರೀಟು ಕಂಬ, ಮೇಲೆ ತಗಡು. ಬಾಗಿಲಿಗೆ ಹೊಸ ಮರದ ಚೌಕಟ್ಟು, ಇನ್ನೂ ಅರಗು ವಾಸನೆ. ಸರ್ಪಿನ್ ಹೊಸ್ತಿಲಲ್ಲಿ ನೆಟ್ಟಗೆ ನಿಂತಿದ್ದರು. ಅವರು ಅಷ್ಟು ಎತ್ತರದ ಮನುಷ್ಯ ಎಂದು ನನಗೆ ಅವತ್ತೇ ಗೊತ್ತಾದದ್ದು.

“ಬಾ ನೊಕ್, ಬಾ. ಬಗ್ಗಬೇಡ, ಬಗ್ಗಬೇಡ. ಹಂಗೇ ಬಾ,” ಅಂದರು. “ದೋಣಿ ಮಾರ್ಬಿಟ್ಟೆ. ಜಿಲ್ಲೆ ಕೆಲಸದೋಳು ಮನೇಲಿ ಗೂನು ಬೆನ್ನು ಮಾಡ್ಕೊಂಡು ಓಡಾಡಿದ್ರೆ ನೋಡಿದೋರು ಏನಂತಾರೆ?”

ವೆನಿಂಗ್ ಒಳಗೆ ಕಾಲಿಟ್ಟಳು. ನಾನು ಅವಳ ಹಿಂದೆ. ಇಬ್ಬರೂ ರೂಢಿಯಂತೆ ತಲೆ ತಗ್ಗಿಸಿ, ಆಮೇಲೆ ಎತ್ತಿದೆವು. ನೆಲಕ್ಕೆ ಹೊಸ ಗಾರೆ, ಕನ್ನಡಿಯ ಹಾಗೆ ಸಾಪಾಗಿತ್ತು. ನಡುವೆ ಮೇಜು, ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು, ಎರಡು ಕುರ್ಚಿ. ಮುಂಗೋಣೆ ಈಗ ವಿಶಾಲವಾಗಿತ್ತು. ನಡುವಿನ ಕಂಬ ಇರಲಿಲ್ಲ.

ಅವಳು ಕಂಬವಿದ್ದ ಜಾಗವನ್ನೇ ನೋಡುತ್ತಿದ್ದಳು. ನಾನು ಅವಳನ್ನು.

“ಆ ಕಂಬ ನಿನ್ನ ಮೇಜಿಗೆ ಅಡ್ಡ ಬರ್ತಿತ್ತು,” ಅಂದರು ಸರ್ಪಿನ್. “ಏನ್ ಗಟ್ಟಿ ಅಂತೀಯ, ಕೀಳೋಕೆ ಹೋದ್ರೆ ಅಲ್ಲಾಡ್ಲೇ ಇಲ್ಲ. ಕೊನೆಗೆ ಬುಡಕ್ಕೆ ಗರಗಸ ಹಾಕಿ ಕೊಯ್ದು, ಮೇಲೆ ಮಣ್ಣು ತುಂಬಿ ಗಾರೆ ಎಳೆಸಿದೆ. ನಿಮ್ಮಜ್ಜ ಎದ್ದು ಬಂದ್ರೆ ಬೈತಾನೆ.”

“ಕೊಯ್ದ ತುಂಡು ಎಲ್ಲಿದೆ, ಬಾಪಾ?”

“ತಗಡಿನ ಕೆಲಸದೋರು ಅನ್ನಕ್ಕೆ ಸೌದೆ ಮಾಡಿದ್ರು. ತೇಗ ಅಲ್ವಾ, ಚೆನ್ನಾಗಿ ಉರೀತು.” ಆಮೇಲೆ ಅವರ ಮುಖ ಅರಳಿತು. ಅವಳು ಯಾವುದಕ್ಕೆ ಹೆದರಿದ್ದಾಳೆಂದು ಈಗ ಹೊಳೆಯಿತು ಅನ್ನುವಂತೆ. “ಅಯ್ಯೋ, ಅದಕ್ಕಾ? ಅದನ್ನ ಬಿಡ್ತೀನಾ ನಾನು? ಮೊದಲು ಅದನ್ನೇ ತೆಗೆದಿಟ್ಟಿದ್ದು.”

ಒಳಗೆ ಹೋಗಿ ತಂಬಾಕಿನ ಡಬ್ಬಿ ತಂದರು. ಹತ್ತಿಯಲ್ಲಿ ಸುತ್ತಿದ್ದನ್ನು ಬಿಡಿಸಿ ಮಗಳ ಅಂಗೈ ಮೇಲಿಟ್ಟರು. ಹಿತ್ತಾಳೆ ಮೊಳೆ. ಉಪ್ಪಿನ ಕಲೆಯೂ ಇಲ್ಲದಂತೆ ಉಜ್ಜಿ ತೊಳೆದಿದ್ದರು.

“ಒಂಚೂರೂ ಸೊಟ್ಟ ಆಗಿಲ್ಲ ನೋಡ್ಕೋ,” ಅಂದರು.

ನನ್ನ ಕೈಯಲ್ಲಿದ್ದ ಯಂತ್ರದ ಪೆಟ್ಟಿಗೆ ಭಾರವೆನಿಸಿ ಕೆಳಗಿಟ್ಟೆ. ಗುರುತು ಆ ಮೊಳೆಯಾಗಿರಲಿಲ್ಲ, ಕಂಬದಲ್ಲಿ ಅದು ನಿಂತಿದ್ದ ಎತ್ತರವಾಗಿತ್ತು. ಎರಡು ವರ್ಷದ ಅಳತೆ ಇನ್ನು ಎಲ್ಲಿಂದಲೂ ಶುರುವಾಗುವುದಿಲ್ಲ, ಎಲ್ಲಿಗೂ ಹೊಂದುವುದಿಲ್ಲ. ಆ ಊರಿನಲ್ಲಿ ಇಳಿಯದೆ ನಿಂತಿದ್ದದ್ದು ಆ ಕಂಬವೊಂದೇ. ಯಾರೂ ನಂಬದೆ, ಮರ್ಯಾದೆಗೆಂದು ಬರೆದ ಆ ಪ್ಯಾರಾ ಈಗ ಅಕ್ಷರ ಅಕ್ಷರವೂ ನಿಜವಾಗಿತ್ತು. ಇನ್ನಷ್ಟು ಆಳವಾದ ಅಧ್ಯಯನ ನಡೆಯಬೇಕಿತ್ತು, ಮೂರು ವರ್ಷ, ಅಷ್ಟು ದಿನ ಇರದ ಊರಿನ ಬಗ್ಗೆ. ಯಾರ ಮೇಲೆ ಕೂಗಾಡಲಿ ನಾನು? ಆ ಕೋಣೆಯಲ್ಲಿ ಮಗಳಿಗಾಗಿ ದೋಣಿ ಮಾರಿದ ಮನುಷ್ಯ ಬಿಟ್ಟರೆ ಯಾರಿದ್ದರು?

ವೆನಿಂಗ್ ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದು ಸೂರಿನ ಕಡೆ ನೋಡಿದಳು. “ತುಂಬಾ ಚೆನ್ನಾಗಿದೆ ಬಾಪಾ,” ಅಂದಳು. “ನೆಟ್ಟಗೆ ನಿಲ್ಲಬಹುದು.”

“ಅದಕ್ಕೇ ಮಾಡಿಸಿದ್ದು.”

ಅಡುಗೆಮನೆಯಿಂದ ಅವಳ ಅಮ್ಮ ಕಾಫಿ ತಂದರು. ಸರ್ಪಿನ್ ಮೂಲೆಯಿಂದ ಸುತ್ತಿಗೆ ಎತ್ತಿಕೊಂಡು ಬಂದು, ಮಗಳ ಮುಷ್ಟಿ ಬಿಡಿಸಿ ಮೊಳೆ ತೆಗೆದುಕೊಂಡರು. ಹೊಸ ಚೌಕಟ್ಟಿನ ಹತ್ತಿರ ಹೋಗಿ, ಮೊಳೆಯ ತುದಿಯನ್ನು ಮರಕ್ಕೆ ಒತ್ತಿ, ಅವಳ ಕಡೆ ತಿರುಗಿದರು. ಈ ಕೆಲಸದಲ್ಲಿ ತಾನು ಸಹಾಯಕ, ಅವಳು ಆಫೀಸರ್ ಎಂಬ ವಿನಯ ಆ ಮುಖದಲ್ಲಿತ್ತು.

“ಎಲ್ಲಿ ಹೊಡೀಲಿ ನೊಕ್? ಇಲ್ಲೇನಾ, ಇನ್ನೊಂಚೂರು ಮೇಲಾ?”

ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಎರಡು ಸಲ ಬಸ್ಸು ಹತ್ತಿ ಬಂದು ಮತ್ತೆ ಅಳೆದವಳು ಅವಳು.

“ಎಲ್ಲಾದ್ರೂ ಸರಿ, ಬಾಪಾ,” ಅಂದಳು.